ದಿನದ ಪಾಸು ಯಾರಿಗಾಗಿ? ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರ. ಬಸ್ಸಿನ ದರದ ಬಗ್ಗೆ ದೂರಿದ್ದರೆ ಸಾರಿಗೆ ಸಚಿವರಿಗೆ ಬರೆಯಬೇಕು. ಮೆಟ್ರೊ ದರದ ಬಗ್ಗೆಯಾದರೆ ಮೆಟ್ರೊ ರೈಲು ನಿಗಮಕ್ಕೆ ಬರೆಯಬೇಕು. ಆದರೆ ಮೆಟ್ರೊ ದರವನ್ನು ನಿಗದಿ ಮಾಡಿದ್ದು ದರ ನಿಗದಿ ಸಮಿತಿ, ಆ ಸಮಿತಿಯೋ ವರದಿ ಒಪ್ಪಿಸಿ ಎದ್ದುಹೋಗಿದೆ. ನನ್ನ ದೂರು ಬಸ್ಸು ಮತ್ತು ಮೆಟ್ರೊ ಎರಡಕ್ಕೂ ಸೇರಿದ್ದು. ಎರಡನ್ನೂ ಒಂದೇ ಮೇಜಿನ ಮೇಲೆ ತರಬಲ್ಲ ಸಂಸ್ಥೆಯೆಂದರೆ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ. 2022ರ ಕಾಯ್ದೆಯಂತೆ ಅದರ ಅಧ್ಯಕ್ಷ ಸ್ಥಾನ ಮುಖ್ಯಮಂತ್ರಿಗಳದ್ದು. ಆದ್ದರಿಂದ ಪತ್ರ ತಮಗೇ.

ವಿಷಯ ಇಷ್ಟು. ದಿನವೂ ಮೆಟ್ರೊ ಹತ್ತುವವನಿಗೆ, ಅವನು ದಿನವೂ ಹತ್ತುತ್ತಾನೆ ಎಂಬ ಕಾರಣಕ್ಕೆ ಸಿಗುವ ರಿಯಾಯಿತಿ ಏನೂ ಇಲ್ಲ. ಬಸ್ಸಿನಲ್ಲಿ ಅದು ಇದೆ, ಆದರೆ ಮುಂಗಡವಾಗಿ ಹಣ ಕಟ್ಟಬಲ್ಲವನಿಗೆ ಮಾತ್ರ ದಕ್ಕುತ್ತದೆ.

ಮೊದಲು ಮೆಟ್ರೊ ಲೆಕ್ಕ. 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಶೇ 5 ರಿಯಾಯಿತಿ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೊಂದು ಶೇ 5. ಕಾರ್ಡಿನಲ್ಲಿ 90 ರೂಪಾಯಿ ಇಲ್ಲದಿದ್ದರೆ ಹತ್ತು ರೂಪಾಯಿಯ ಪ್ರಯಾಣಕ್ಕೂ ಗೇಟು ತೆರೆಯುವುದಿಲ್ಲ. ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ, ಅಂದರೆ ನೇರಳೆ ಮಾರ್ಗದ ಈ ತುದಿಯಿಂದ ಆ ತುದಿಗೆ, ದಿನವೂ ಹೋಗಿ ಬರುವ ಒಬ್ಬನನ್ನು ಊಹಿಸಿಕೊಳ್ಳಿ. ಕಾರ್ಡ್ ಬಳಸಿದರೆ ಅವನಿಗೆ ದಿನಕ್ಕೆ 171 ರೂಪಾಯಿ ಬೀಳುತ್ತದೆ. ಮೊಬೈಲಿನಲ್ಲೇ ಸಿಗುವ ಒಂದು ದಿನದ ಕ್ಯೂಆರ್ ಪಾಸಿನ ಬೆಲೆ 250 ರೂಪಾಯಿ. ನಲವತ್ಮೂರು ಕಿಲೋಮೀಟರ್ ಉದ್ದದ ಮಾರ್ಗವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯುವವನಿಗೂ ಆ ಪಾಸು 79 ರೂಪಾಯಿ ನಷ್ಟ. ಪಾಸು ಗಿಟ್ಟಬೇಕಾದರೆ ಅವನು ಮನೆಗೆ ಬಂದು, ಕೈಕಾಲು ತೊಳೆದು, ಮತ್ತೊಮ್ಮೆ ಆ ತುದಿಗೆ ಹೊರಡಬೇಕು!

ಐದು ದಿನದ ಪಾಸಿನ ಕಥೆ ಇನ್ನೂ ಸ್ವಾರಸ್ಯಕರ. ಅದರ ಬೆಲೆ 850 ರೂಪಾಯಿ. ಇದೇ ಮನುಷ್ಯ ಐದು ದಿನ ಕಾರ್ಡ್ ಬಳಸಿ ಓಡಾಡಿದರೆ 855 ರೂಪಾಯಿ. ಊರಿನ ಅತಿ ದೂರದ ಪ್ರಯಾಣ ಮಾಡುವವನಿಗೆ ವಾರವಿಡೀ ಸೇರಿ ಐದು ರೂಪಾಯಿ ಉಳಿತಾಯ. ಅವನು ಎರಡೂ ಹೊತ್ತು ದಟ್ಟಣೆ ತಪ್ಪಿಸಿ ಹೊರಟರಂತೂ ಕಾರ್ಡಿನಲ್ಲಿ ಖರ್ಚಾಗುವುದು 810 ರೂಪಾಯಿ, ಪಾಸು ಕೊಂಡಿದ್ದರೆ 40 ರೂಪಾಯಿ ದಂಡ. ಇವು ಪ್ರವಾಸಿಗರಿಗೆಂದು ಮಾಡಿದ ಪಾಸುಗಳು ಎನ್ನುವುದಾದರೆ ಒಪ್ಪೋಣ. ಹಾಗಾದರೆ ಊರಿನವರಿಗೆಂದು ಮಾಡಿದ ಪಾಸು ಎಲ್ಲಿದೆ?

ಮುಂಬೈಯ 2ಎ ಮತ್ತು 7ನೇ ಮೆಟ್ರೊ ಮಾರ್ಗಗಳಲ್ಲಿ ಪಾಸು ಜಾರಿಗೆ ತಂದಾಗ ದೂರದ ಪ್ರಯಾಣಕ್ಕೆ ಟಿಕೆಟ್ 50 ರೂಪಾಯಿ ಇತ್ತು, ದಿನದ ಪಾಸಿಗೆ ಇಟ್ಟ ಬೆಲೆ 80. ದೂರದವನು ಹೋಗಿ ಬಂದರೆ ಸಾಕು, ಇಪ್ಪತ್ತು ರೂಪಾಯಿ ಉಳಿಯಿತು. ಅದರ ಜೊತೆಗೆ ತಿಂಗಳಿಗೆ 45 ಪ್ರಯಾಣಕ್ಕೆ ಶೇ 15, 60 ಪ್ರಯಾಣಕ್ಕೆ ಶೇ 20 ರಿಯಾಯಿತಿಯ ಪಾಸುಗಳನ್ನೂ ಕೊಟ್ಟರು. ಚೆನ್ನೈ ಮೆಟ್ರೊ 2,500 ರೂಪಾಯಿಗೆ ತಿಂಗಳಿಡೀ ಮಿತಿಯಿಲ್ಲದೆ ಓಡಾಡುವ ಪಾಸು ತಂದಿತ್ತು. ದೆಹಲಿಯಲ್ಲಿ ಪಾಸಿನ ಗೋಜಿಲ್ಲದೆಯೂ ಕಾರ್ಡಿಗೆ ಶೇ 10, ದಟ್ಟಣೆ ಇಲ್ಲದಾಗ ಶೇ 20 ರಿಯಾಯಿತಿ ಇದೆ. ನಮ್ಮದು ಅದರ ಅರ್ಧ.

ಇನ್ನು ಬಸ್ಸು. ಬಿಎಂಟಿಸಿಯ ದಿನದ ಪಾಸು ನಿಜಕ್ಕೂ ಊರಿನವರಿಗಾಗಿ ಮಾಡಿದ ಪಾಸು. 2025ರ ಜನವರಿಯ ಏರಿಕೆಯ ನಂತರ ಸಾಮಾನ್ಯ ಬಸ್ಸುಗಳ ದಿನದ ಪಾಸು 80 ರೂಪಾಯಿ, ಹವಾನಿಯಂತ್ರಿತ ವಜ್ರ ಬಸ್ಸುಗಳೂ ಸೇರಿದರೆ 140. ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವನು ನಡುವೆ ಒಂದು ಕಡೆ ಇಳಿದು ಹತ್ತಿದರೂ ಅದು ಗಿಟ್ಟುತ್ತದೆ. ಚಿಲ್ಲರೆಯ ಜಗಳವೂ ಇಲ್ಲ. ಆರು ರೂಪಾಯಿ ಟಿಕೆಟಿಗೆ ಇಪ್ಪತ್ತರ ನೋಟು ಕೊಟ್ಟು, ನಿರ್ವಾಹಕರು ಟಿಕೆಟಿನ ಹಿಂದೆ ಪೆನ್ನಿನಲ್ಲಿ 14 ಎಂದು ಬರೆದು ಕೊಟ್ಟು, ಇಳಿಯುವ ನೂಕುನುಗ್ಗಲಿನಲ್ಲಿ ಆ ಚೀಟಿಯನ್ನು ಎತ್ತಿ ತೋರಿಸಿ ಕೂಗುವ ಪಾಡು ಪಾಸಿನವರಿಗಿಲ್ಲ.

ಆದರೆ ಪಾಸುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ದಿನಕ್ಕೆ 80, ವಾರಕ್ಕೆ 350, ತಿಂಗಳಿಗೆ 1,200. ತಿಂಗಳ ಪಾಸು ಹದಿನೈದು ದಿನಕ್ಕೇ ದುಡಿದು ಮುಗಿಸುತ್ತದೆ, ಆಮೇಲಿನದೆಲ್ಲ ಲಾಭ. ತಿಂಗಳಿಗೆ 26 ದಿನ ದಿನದ ಪಾಸನ್ನೇ ಕೊಳ್ಳುವವನು ಕೊಡುವುದು 2,080 ರೂಪಾಯಿ. ಅದೇ ಬಸ್ಸು, ಅದೇ ಕಂಬಿ, ಅದೇ ನೂಕಾಟ, 880 ರೂಪಾಯಿ ಹೆಚ್ಚು. ಹೀಗೆ ಹೆಚ್ಚು ಕೊಡುವವರು ಯಾರು? ಒಂದನೇ ತಾರೀಖು ಸಂಬಳ ಕೈಗೆ ಬರುವವರಲ್ಲ. ಬೆಳಿಗ್ಗೆ ಆರೂವರೆಗೆ ವೃತ್ತದ ಬಳಿ ಡಬ್ಬಿ ಹಿಡಿದು ನಿಲ್ಲುವ ಗಾರೆ ಕೆಲಸದವನಿಗೆ ಮೇಸ್ತ್ರಿ ಇವತ್ತು ಯಲಹಂಕ ಎನ್ನಬಹುದು, ನಾಳೆ ಕೆಂಗೇರಿ ಎನ್ನಬಹುದು, ನಾಡಿದ್ದು ಕೆಲಸವೇ ಇಲ್ಲ ಎನ್ನಬಹುದು. ಅವನು 1,200 ರೂಪಾಯಿಯನ್ನು ಮುಂಗಡವಾಗಿ ಏಕೆ ಕಟ್ಟುತ್ತಾನೆ? ಅಂದಂದಿನ ಕೂಲಿಯಲ್ಲಿ ಅಂದಂದಿನ 80 ರೂಪಾಯಿ ತೆಗೆದಿಡುತ್ತಾನೆ. ತಿಂಗಳು ಮುಗಿದಾಗ ಹಣವಿದ್ದವನಿಗಿಂತ ಹೆಚ್ಚು ಕೊಟ್ಟಿರುತ್ತಾನೆ. ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಈ ಕಷ್ಟವನ್ನು ಸಾಮಾನ್ಯ ಬಸ್ಸುಗಳ ಮಟ್ಟಿಗೆ ನೀಗಿಸಿದೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ನಾನು ಹೇಳುತ್ತಿರುವುದು ಉಳಿದವರ ಮಾತು.

ಬಸ್ಸು, ಮೆಟ್ರೊ ಎರಡನ್ನೂ ಬಳಸುವವರ ಪಾಡು ಮೂರನೆಯದು. ಹಳದಿ ಮಾರ್ಗವನ್ನೇ ತೆಗೆದುಕೊಳ್ಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, ಟಿಕೆಟ್ 60 ರೂಪಾಯಿ. ಕಾರ್ಡಿನಲ್ಲಿ ಹೋಗಿ ಬರಲು 114. ಮನೆಯಿಂದ ನಿಲ್ದಾಣಕ್ಕೆ ಬಸ್ಸು 12 ರೂಪಾಯಿಯಂತೆ ಎರಡು ಸಲ ಸೇರಿಸಿದರೆ 138. ತಿಂಗಳಿಗೆ 26 ದಿನವೆಂದರೆ ಮೂರೂವರೆ ಸಾವಿರ ದಾಟಿತು. ಮೆಟ್ರೊದ ಆ ದೂರವನ್ನು ಹೋಗಿ ಬರಲು ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್ ಹಾಕಿದರೆ, ಪೆಟ್ರೋಲು ನೂರರ ಆಚೆ ಇದ್ದರೂ ದಿನಕ್ಕೆ ತೊಂಬತ್ತು ರೂಪಾಯಿಯ ಒಳಗೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ತಲೆಗೆ ನಲವತ್ತೈದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹೊಗೆ ಕುಡಿಯುತ್ತಾ ನಿಂತ ಸ್ಕೂಟರಿನವರಿಗೆ ಬುದ್ಧಿ ಹೇಳುವ ಮೊದಲು ಅವರ ಲೆಕ್ಕ ಸರಿಯಿದೆ ಎಂಬುದನ್ನು ಸರ್ಕಾರ ಒಪ್ಪಿಕೊಳ್ಳಬೇಕು.

ಇದಕ್ಕೆ ಪರಿಹಾರ ಹೊಸ ಪಾಸುಗಳ ಸಾಲು ತೆರೆಯುವುದಲ್ಲ. ಯಾವ ಪಾಸು ಯಾರಿಗೆ ಲಾಭ ಎಂದು ಕಾಗದ ಪೆನ್ಸಿಲು ಹಿಡಿದು ಕೂರುವ ಕೆಲಸ ಪ್ರಯಾಣಿಕನದ್ದಾಗಬಾರದು. ಲಂಡನ್ ನಗರದಲ್ಲಿ ಇಪ್ಪತ್ತು ವರ್ಷಗಳಿಂದ ನಡೆದುಬಂದ ಒಂದು ಕ್ರಮವಿದೆ. ಕಾರ್ಡ್ ತಾಗಿಸುತ್ತಾ ಹೋದಂತೆ ಒಂದೊಂದೇ ಟಿಕೆಟಿನ ಹಣ ಕಡಿತವಾಗುತ್ತದೆ, ದಿನಕ್ಕೆಂದು ಗೊತ್ತುಪಡಿಸಿದ ಮೊತ್ತ ಮುಟ್ಟಿದ ಮೇಲೆ ಕಡಿತ ನಿಲ್ಲುತ್ತದೆ. ಆಮೇಲೆ ಎಷ್ಟು ಹತ್ತಿ ಇಳಿದರೂ ಉಚಿತ. ಬ್ಯಾಂಕ್ ಕಾರ್ಡ್ ತಾಗಿಸುವವರಿಗೆ ವಾರದ ಮಿತಿಯೂ ಉಂಟು. ಮುಂಗಡ ಕಟ್ಟಬೇಕಿಲ್ಲ, ನಾಳೆ ಕೆಲಸ ಸಿಗುತ್ತದೋ ಇಲ್ಲವೋ ಎಂದು ಇಂದೇ ಊಹಿಸಬೇಕಿಲ್ಲ. ನಮ್ಮ ಗಾರೆಯವನಿಗೆ ಬೇಕಾದದ್ದು ಇದೇ: ದಿನಕ್ಕೆ 80 ಮುಟ್ಟಿದರೆ ಅಂದಿನ ಕಡಿತ ನಿಲ್ಲಲಿ, ವಾರದಲ್ಲಿ 350 ಮುಟ್ಟಿದರೆ ಆ ವಾರದ್ದು, ತಿಂಗಳಲ್ಲಿ 1,200 ಮುಟ್ಟಿದರೆ ಆ ತಿಂಗಳದ್ದು. ಬೆಲೆಗಳು ಬಿಎಂಟಿಸಿಯವೇ, ಒಂದು ಪೈಸೆಯನ್ನೂ ನಾನು ಇಳಿಸಿಲ್ಲ. ಹಣ ಕಟ್ಟುವ ಕ್ರಮ ಮಾತ್ರ ಬೇರೆ.

ಆದಾಯ ಖೋತಾ ಆಗುತ್ತದೆ ಎಂದು ತಮ್ಮ ಅಧಿಕಾರಿಗಳು ಹೇಳುತ್ತಾರೆ. ಬಸ್ಸಿನಲ್ಲಿ ಸ್ವಲ್ಪ ಆಗುವುದು ನಿಜ. ಆದರೆ ಆ ಆದಾಯ ಬರುತ್ತಿರುವುದು ಕೂಲಿಯವನು ಹೆಚ್ಚಾಗಿ ಕೊಟ್ಟ 880 ರೂಪಾಯಿಯಂತಹ ಹಣದಿಂದ. ಮೆಟ್ರೊದಲ್ಲಿ ಹೆದರುವಂಥದ್ದು ಕಡಿಮೆ. ನಿತ್ಯ ಪ್ರಯಾಣಿಕ ಸಾಮಾನ್ಯವಾಗಿ ಹೋಗುತ್ತಾನೆ, ಬರುತ್ತಾನೆ, ಅಷ್ಟೆ. ದಿನದ ಮಿತಿಯನ್ನು 150 ರೂಪಾಯಿಗೆ ಇಟ್ಟರೆ ಬಹಳ ದೂರ ಹೋಗಿ ಬರುವವರಿಗೂ, ದಿನಕ್ಕೆ ಮೂರು ನಾಲ್ಕು ಕಡೆ ಓಡಾಡುವವರಿಗೂ ಮಾತ್ರ ಅದು ತಟ್ಟುತ್ತದೆ. ಮಧ್ಯಾಹ್ನ ಖಾಲಿ ಓಡುವ ರೈಲಿಗೆ ಮೂರನೆಯ ಪ್ರಯಾಣಕ್ಕೆಂದು ಅವರು ಹತ್ತಿದರೆ ನಿಗಮಕ್ಕೆ ನಷ್ಟವೇನು?

ತಾಂತ್ರಿಕ ತೊಡಕು ಎಂಬ ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿ. ಬಸ್ಸು, ಮೆಟ್ರೊ ಎಲ್ಲಕ್ಕೂ ಒಂದೇ ಕಾರ್ಡು ನಡೆಯಲಿ ಎಂದು ಮಾಡಿದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು ಮೆಟ್ರೊ ಗೇಟುಗಳು ಈಗಾಗಲೇ ಓದುತ್ತವೆ. ಬಸ್ಸಿನ ನಿರ್ವಾಹಕರ ಕೈಯಲ್ಲಿ ಟಿಕೆಟ್ ಯಂತ್ರವಿದೆ, ಕೊರಳಲ್ಲಿ ಕ್ಯೂಆರ್ ಫಲಕವಿದೆ. ಇವೆರಡರ ಲೆಕ್ಕ ಒಂದು ಕಡೆ ಸೇರುವ ವ್ಯವಸ್ಥೆ ಆಗಬೇಕು, ಅದನ್ನು ಮಾಡಿಸುವ ಅಧಿಕಾರ ತಾವು ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕಿದೆ.

ಎಲ್ಲವೂ ಒಟ್ಟಿಗೆ ಆಗದಿದ್ದರೆ ಮೆಟ್ರೊ ಒಂದರಲ್ಲೇ ದಿನದ ಮಿತಿಯನ್ನು ಮೊದಲು ತನ್ನಿ, ಬಸ್ಸನ್ನು ಆಮೇಲೆ ಸೇರಿಸಿ. ಗೇಟು ತೆರೆಯಲು ಕಾರ್ಡಿನಲ್ಲಿ ಇರಲೇಬೇಕಾದ 90 ರೂಪಾಯಿಯ ಮೊತ್ತವನ್ನು ಇಳಿಸಲು ಯಾವ ಸಮಿತಿಯೂ ಬೇಡ. ಅದಕ್ಕೂ ಮುನ್ನ ಒಂದು ಮಾಹಿತಿ ಬೇಕು. ಒಂದು, ಮೂರು ಮತ್ತು ಐದು ದಿನದ ಮೆಟ್ರೊ ಪಾಸುಗಳು ತಿಂಗಳಿಗೆ ಎಷ್ಟೆಷ್ಟು ಮಾರಾಟವಾಗುತ್ತಿವೆ, ಒಂದೊಂದು ಪಾಸಿನಲ್ಲಿ ಸರಾಸರಿ ಎಷ್ಟು ಪ್ರಯಾಣಗಳಾಗುತ್ತಿವೆ ಎಂಬುದನ್ನು ನಿಗಮ ತನ್ನ ಜಾಲತಾಣದಲ್ಲಿ ಪ್ರಕಟಿಸುವಂತೆ ಆದೇಶಿಸಿ. ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಚರ್ಚೆ ಆ ಅಂಕಿಗಳಿಂದಲೇ ಶುರುವಾಗಲಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿತ್ಯ ಪ್ರಯಾಣಿಕ