ಸೋದರಮಾವ ಆದ ದೋಸ್ತಗ ಒಂದು ಪತ್ರ

ದೋಸ್ತ,

ನಿನ್ನ ತಂಗಿಗೆ ಹೆಣ್ಣು ಕೂಸು ಹುಟ್ಟೇದ ಅಂತ ಓದಿ ಭಾಳ ಖುಷಿ ಆತು, ಅದಕ್ಕಿಂತ ಹೆಚ್ಚು ಖುಷಿ ಆಗಿದ್ದು ನೀ ಅಂಗಡ್ಯಾಗಿಂದು ಏನೂ ತರಂಗಿಲ್ಲ, ನಾನ ಕೈಲೆ ಮಾಡಿ ಕೊಡ್ತೀನಿ ಅಂತ ಬರದದ್ದು. ಗಂಡಸು ಉಲ್ಲನ್ ಕಡ್ಡಿ ಹಿಡದ್ರ ಮಂದಿ ಏನಂತಾರ ಅಂತ ಕೇಳೀಯಲ್ಲ, ನಮ್ಮ ಕಡೆ ಕಂಬಳಿ ನೇಯೋರು, ಬಟ್ಟಿ ಹೊಲಿಯೋ ಸಿಂಪಿಗ್ಯಾರು ಇವರೆಲ್ಲಾ ಗಂಡಸರ ಅಲ್ಲೇನು, ಸುಮ್ನ ಚಾಲೂ ಮಾಡು.

ಕೂಸು ಹುಟ್ಟೋಕಿಂತ ಮೊದಲ ಕುಲಾಯಿ ಹೊಲಿಸಬಾರದು ಅಂತಾರ, ಈಗಂತೂ ಹುಟ್ಟೇದ, ಹಂಗಾಗಿ ಮೊದಲ ಕುಲಾಯಿನ ಹೊಲಿ. ಹಿಂದ ಬೆನ್ನ ಮ್ಯಾಲೆ ಅರಬಿ ಇಳಿಬಿಟ್ರ ಅದ ಕುಂಚಗಿ ಆಗ್ತದ. ಮ್ಯಾಲೆ ಗುಳೇದಗುಡ್ಡದ ಖಣ ಹಾಕು, ಅದರ ಬಣ್ಣಕ್ಕ ಸಾಟಿ ಇಲ್ಲ, ಆದ್ರ ಒಳಗ ಮಾತ್ರ ಹಳೇ ಧೋತರದ ಅರಬಿನ ಆಗಬೇಕು, ಎಷ್ಟೋ ಸಲ ಒಗದು ಒಗದು ಮೆತ್ತಗಾದ ಹತ್ತಿ ಅರಬಿ ಕೂಸಿನ ಮೈಗೆ ಹಿತ ಅನಸೋ ಹಂಗ ಯಾವ ಹೊಸ ಅರಬಿನೂ ಅನಸಂಗಿಲ್ಲ. ಮಣಿ, ಗೆಜ್ಜಿ, ಗುಂಡಿ ಏನೂ ಹಚ್ಚಬ್ಯಾಡ, ಕಿತ್ತು ಬಾಯಾಗ ಹಾಕ್ಕೊಂಡ್ರ ಗಂಟಲಿಗೆ ಸಿಗ್ತದ. ಗದ್ದದ ಕೆಳಗ ಕಟ್ಟೋ ಲಾಡಿ ಗಿಡ್ಡ ಇರ್ಲಿ, ಮಲಗಿಸೋ ಮುಂದ ಕುಂಚಗಿ ತಗದ ಮಲಗಿಸಬೇಕು ಅಂತ ತಂಗಿಗೂ ಹೇಳು.

ಚಂದ ಕಾಣಬೇಕಂದ್ರ ಅಂಗಿ ಮ್ಯಾಲೆ ಕಸೂತಿ ಹಾಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಕು ಥರಾ ಹೊಲಿಗಿ ಅವ, ಅದರಾಗ ಗವಂತಿ ಮತ್ತ ಮುರ್ಗಿ ಎರಡೂ ಮಗ್ಗಲಿಗೂ ಒಂದ ಥರಾ ಕಾಣ್ತಾವ, ಗಂಟು ಹಾಕೋದ ಇಲ್ಲ, ಹಂಗಾಗಿ ಒಳಗ ಕೂಸಿನ ಮೈಗೆ ಏನೂ ಒತ್ತಂಗಿಲ್ಲ. ನಮ್ಮ ಹಿರಿಯಾರು ಮಾಡಿಟ್ಟ ಈ ಕೆಲಸ ಕೂಸಿನ ಅಂಗಿಗೆ ಎಷ್ಟು ಛಲೋ ಹೊಂದ್ತದ ನೋಡು! ಬರಿ ಅಂಚಿಗೆ ಒಂದು ಸಾಲು ಹಾಕಿದ್ರೂ ಸಾಕು. ತೊಟ್ಟಿಲದ ಚಿತ್ತಾರನೂ ಕಸೂತ್ಯಾಗ ಅದ, ಎಳಿ ಎಣಿಸಿ ಹಾಕೋದು, ಪೆನ್ಸಿಲ್ ಗೆರಿ ಬೇಕಾಗಂಗಿಲ್ಲ.

ಈಗ ಸ್ವೆಟರ್ ವಿಚಾರ. ಈಗಿನ ಅಳತಿಗೆ ಹೆಣೀಬ್ಯಾಡ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇರೋ ಕೂಸು ವರ್ಷ ತುಂಬೋದ್ರಾಗ ಇನ್ನೂ 25 ಸೆಂಟಿಮೀಟರ್ ಬೆಳೀತದ, ಶ್ರಾವಣದಾಗ ಹುಟ್ಟಿದ ಕೂಸಿಗೆ ಥಂಡಿ ಬರೋ ಹೊತ್ತಿಗೆ ನಾಕು ತಿಂಗಳು ಆಗಿರ್ತದ, ನೀ ಆರು ತಿಂಗಳ ಅಳತಿ ಹಿಡಿ, ತೋಳು ಉದ್ದ ಆದ್ರ ಮಡಚಬಹುದು. 4 ಪ್ಲೈ ಅನ್ನೋ ತೆಳು ಉಲ್ಲನ್ ದಾರ, 10 ನಂಬರ್ ಕಡ್ಡಿ ತಗೋ, ಅದು 3.25 ಮಿಲಿಮೀಟರ್ ದಪ್ಪ ಇರ್ತದ, ನಂಬರ್ ಹೆಚ್ಚಾದಂಗ ಕಡ್ಡಿ ಸಣ್ಣ ಆಗ್ತದ, ಇದನ್ನ ನೆನಪಿಡು. ದಾರ ತಗೊಳ್ಳೋ ಮುಂದ ನಿನ್ನ ಕುತ್ತಿಗಿಗೆ ತಿಕ್ಕಿ ನೋಡು, ನಿನಗ ಚುಚ್ಚಿದ್ರ ಕೂಸಿಗೂ ಚುಚ್ಚೇ ಚುಚ್ತದ. ಮುಂದ ಪೂರ್ತಿ ಬಿಚ್ಚೋ ಹಂಗ ಮಾಡು, ತಲಿ ಮ್ಯಾಲಿಂದ ಹಾಕೋ ಸ್ವೆಟರ್ ಅಂದ್ರ ಕೂಸು ಕಿರಚಾಡ್ತದ, ತಾಯಂದ್ರಿಗೂ ಸಾಕಾಗ್ತದ. ಜಾಳಿಗಿ ಡಿಸೈನ್ ಎಷ್ಟ ಚಂದ ಕಂಡ್ರೂ ಬ್ಯಾಡ, ಬಟ್ಟು ಸಿಗ್ತಾವ. ಕಾಲಚೀಲ ಮಾಡಿದ್ರ ಒಳಗ ಹೊರಗ ತಿರುವಿ ಉಳದ ಎಳಿ ಎಲ್ಲಾ ಕತ್ತರಿಸು, ಒಂದ ಸಡ್ಲ ಎಳಿ ಕಾಲ ಬಟ್ಟಿಗೆ ಸುತಗೊಂಡ್ರೂ ರಕ್ತ ನಿಂತು ಬಾವು ಬರ್ತದ, ಕೂಸು ಯಾಕ ಅಳ್ತದ ಅಂತ ಯಾರಿಗೂ ತಿಳಿಯಂಗಿಲ್ಲ.

ಹಳೇ ಅರಬಿ ತುಂಡು ಜೋಡಿಸಿ ಹೊಲಿಯೋ ಕೌದಿ ಬಗ್ಗೆ ಹೇಳದ ಪತ್ರ ಮುಗಸಲಿಕ್ಕೆ ಮನಸ ಬರವಲ್ದು. ನಿಮ್ಮ ಅವ್ವಾರ ಹಳೇ ಇಳಕಲ್ ಸೀರಿ ಇದ್ರ ಕೇಳಿ ತಗೋ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮಾಜದ ಹೆಣ್ಣಮಕ್ಕಳು ಹೊಲಿಯೋ ಕೌದಿ ನೋಡೀ ಏನು? ಒಂದು ಮೂಲಿಯಿಂದ ಚಾಲೂ ಮಾಡಿ ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿಗೆ ಬರ್ತಾರ, ತುಂಡು ಅರಬಿ ಅಲ್ಲಲ್ಲೇ ಇಟಗೋತ ಹೋಗ್ತಾರ, ಕಡೀಕ ಮೂಲಿಗೆ ಫುಲ ಅನ್ನೋ ಮುಕ್ಕೋನದ ಅರಬಿ ತುಂಡು ಹಚ್ತಾರ, ಅದಿಲ್ಲದ ಕೌದಿ ಪೂರಾ ಆಗಂಗೇ ಇಲ್ಲ. ಮಾರೋದಕ್ಕಿಂತ ತಮ್ಮ ಮಕ್ಕಳು ಮೊಮ್ಮಕ್ಕಳಿಗಂತನ ಹೊಲದದ್ದು ಹೆಚ್ಚು, ಅದಕ್ಕ ಇರಬೇಕು ಆ ಬಣ್ಣದಾಗ ಅಷ್ಟು ಜೀವ. ನಿನ್ನ ಕೌದಿ ನೆಲಕ್ಕ ಹಾಸಿ ಕೂಸಿನ ಬೋರಲು ಆಡಸಲಿಕ್ಕೆ ಇರ್ಲಿ, ವರ್ಷ ತುಂಬೋತನಕ ಮಲಗಿದಾಗ ಮೈಮ್ಯಾಲೆ ಹೊಚ್ಚೋದು ಬ್ಯಾಡ, ಮಾರಿ ಮ್ಯಾಲೆ ಬಂದ್ರ ಸರಿಸಲಿಕ್ಕೆ ಅದಕ್ಕ ಬರಂಗಿಲ್ಲ.

ಎಲ್ಲಾ ಒಂದ ಸಲ ಮಾಡಲಿಕ್ಕೆ ಹೋಗಬ್ಯಾಡ, ಕುಂಚಗಿ ಮೊದಲು. ತಂಗಿಗೆ ಹೇಳಿ ಕೂಸಿನ ತಲಿ ಸುತ್ತಳತಿ, ಹಣಿಯಿಂದ ಹಿಂದಲೆತನ, ಟೇಪ್ ಹಿಡದು ನೋಡಿ ನನಗ ಕಳಸು, ಖಣ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ. ಹೊಲಿಯೋಕಿಂತ ಮೊದಲ ಖಣ ಒಮ್ಮೆ ನೀರಾಗ ಅದ್ದಿ ಬಣ್ಣ ಬಿಡ್ತದೇನು ನೋಡ್ಕೋ.

ನಿನ್ನ ಧಾರವಾಡದ ಗೆಳತಿ