ಆ ಬೊಡ್ಡೆ ಎಸೆಯಬೇಡಿ ಅಪ್ಪಯ್ಯ

ಡುಲೂತ್, ಮಿನೆಸೋಟ, ಅಮೆರಿಕ
ಅಕ್ಟೋಬರ್ 12

ಪ್ರೀತಿಯ ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಅಡಿಕೆ ಕೊಯ್ಲು ಶುರುವಾಯಿತಾ?

ಮೊನ್ನೆ ಫೋನಿನಲ್ಲಿ ಪುಟ್ಟಿ ಅಳುತ್ತಿದ್ದಳು. ಮಾತು ಮುಗಿಯುವ ಮೊದಲೇ ಲೈನ್ ಕಟ್ಟಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತುಂಗೆಯ ದಡದಿಂದ ನೀವು ಹೊತ್ತು ತಂದ ಬೊಡ್ಡೆಯನ್ನು ಅವಳ ಅಕ್ವೇರಿಯಂಗೆ ಹಾಕಿದ ಎರಡೇ ದಿನಕ್ಕೆ ನೀರು ಕೆಂಪಗಾಯಿತಂತೆ. ತಮ್ಮ ಅದನ್ನು ತೆಗೆದು ಬಚ್ಚಲ ಹಿಂದೆ ಹಾಕಿದನಂತೆ. ಅವನ ಮೇಲೆ ಸಿಟ್ಟು ಮಾಡಬೇಡಿ, ಮೀನು ಸಾಯುತ್ತವೆ ಅಂತ ಹೆದರಿದ್ದಾನೆ. ಆದರೆ ಅಪ್ಪಯ್ಯ, ಆ ನೀರು ಕೆಟ್ಟಿದ್ದಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಚೊಗರು ಉಳಿಯುತ್ತಲ್ಲ, ಅದಕ್ಕೆ ಬಣ್ಣ ಕೊಡುವುದು ಟ್ಯಾನಿನ್. ಮರದಿಂದ ಇಳಿದದ್ದೂ ಅದೇ ಜಾತಿಯದು. ಸ್ವಲ್ಪ ಇದ್ದರೆ ಮೀನಿಗೆ ತೊಂದರೆಯಿಲ್ಲ. ದಕ್ಷಿಣ ಅಮೆರಿಕದ ರಿಯೋ ನೀಗ್ರೋ ಅನ್ನುವ ನದಿಯ ನೀರು ಇದೇ ಕಾರಣಕ್ಕೆ ಕಪ್ಪು ಚಹಾದ ಹಾಗಿರುತ್ತದೆ. ಎಷ್ಟೋ ಜಾತಿಯ ಟೆಟ್ರಾ ಮೀನುಗಳಿಗೆ ಅದೇ ತವರು.

ನನಗೂ ಇದು ಪೆಟ್ಟು ತಿಂದೇ ಗೊತ್ತಾಗಿದ್ದು. ನಾವಿರುವುದು ಸುಪೀರಿಯರ್ ಸರೋವರದ ದಂಡೆಯಲ್ಲಿ. ಸರೋವರ ಅಂದೆನಷ್ಟೇ, ನೋಡಿದರೆ ಸಮುದ್ರವೇ. ಸುಮಾರು 82,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಡಿಮೆ. ಆದರೆ ಸಿಹಿನೀರು. ಸಮುದ್ರದಲ್ಲಿ ತೇಲಿಬಂದ ಮರದೊಳಗೆ ಉಪ್ಪು ಸೇರಿರುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ಇಲ್ಲಿ ಆ ಚಿಂತೆಯಿಲ್ಲ. ಗಾಳಿ ಜೋರಾಗಿ ಬೀಸಿದ ಮರುದಿನ ದಡದ ತುಂಬ ಬೆಳ್ಳಗೆ ತೊಳೆದ ಬೇರು, ಕೊಂಬೆ ಬಿದ್ದಿರುತ್ತವೆ. ಸ್ಟೇಟ್ ಪಾರ್ಕಿನೊಳಗಿಂದ ಏನನ್ನೂ ಎತ್ತಿ ತರುವ ಹಾಗಿಲ್ಲ. ಗೆಳತಿಯೊಬ್ಬಳ ಸ್ವಂತ ಜಾಗ ದಂಡೆಯಲ್ಲೇ ಇದೆ, ಅವಳನ್ನು ಕೇಳಿ ತಂದೆ.

ಮೊದಲು ಕಣ್ಣಿಗೆ ಬಿದ್ದದ್ದು ಎಷ್ಟು ಚೆಂದ ಇತ್ತು ಅಂದರೆ, ಥೇಟ್ ಜಿಂಕೆಯ ಕೊಂಬು. ಮುರಿದು ಮೂಸಿದೆ. ಪೆನ್ಸಿಲ್ ಹೆರೆದ ವಾಸನೆ. ಸೀಡರ್ ಮರ. ಪೈನ್, ಸೀಡರ್ ಜಾತಿಯ ಮರಗಳಲ್ಲಿ ರಾಳ, ಎಣ್ಣೆ ಇರುತ್ತದೆ, ಮೀನಿಗೆ ಆಗುವುದಿಲ್ಲ. ಮನಸ್ಸಿಲ್ಲದೆ ಬಿಟ್ಟು ಬಂದೆ. ಆಮೇಲೆ ಒಂದು ಮೇಪಲ್ ಬೇರು ಸಿಕ್ಕಿತು. ಉಗುರು ಒತ್ತಿದರೆ ಒಳಗೆ ಇಳಿಯಲಿಲ್ಲ. ಇಳಿದರೆ ಮರ ಲಡ್ಡಾಗಿದೆ ಅಂತ ಅರ್ಥ, ನೀರಿನಲ್ಲಿ ಕೊಳೆಯುತ್ತದೆ.

ತಪ್ಪಾದದ್ದು ಆಮೇಲೆ. ಆತುರಕ್ಕೆ ಹತ್ತೇ ನಿಮಿಷ ಕುದಿಸಿ, ತೊಟ್ಟಿಯ ತಳದ ಮರಳಿನಲ್ಲಿ ಹೂತೆ. ರಾತ್ರಿ ಅದು ಮೇಲೆ ಎದ್ದು ಗಾಜಿನ ಮುಚ್ಚಳಕ್ಕೆ ಬಡಿಯಿತು. ನೆಟ್ಟ ಗಿಡವೆಲ್ಲ ಕಿತ್ತು ಬಂತು. ಬೆಳಿಗ್ಗೆ ನೋಡಿ ತುಂಬ ಬೇಜಾರಾಯಿತು. ಒಣಮರದ ಒಳಗೆಲ್ಲ ಗಾಳಿ ಇರುತ್ತದೆ ಅಪ್ಪಯ್ಯ. ಆ ಗಾಳಿ ಹೋಗಿ ನೀರು ತುಂಬುವ ತನಕ ಮರ ಮುಳುಗುವುದಿಲ್ಲ. ಕುದಿಸಿದರೆ ಅದು ಬೇಗ ಆಗುತ್ತದೆ, ಹುಳ, ಮೊಟ್ಟೆ ಇದ್ದರೆ ಸಾಯುತ್ತವೆ, ಬಣ್ಣವೂ ಇಳಿಯುತ್ತದೆ. ಎರಡನೇ ಸಲ ಒಂದೊಂದು ಗಂಟೆಯಂತೆ ಮೂರು ಸಲ ನೀರು ಬದಲಿಸಿ ಕುದಿಸಿದೆ. ಆಮೇಲೆ ಬಕೆಟ್ಟಿನಲ್ಲಿ ಮೂರು ವಾರ ನೆನೆಹಾಕಿದೆ. ಮೊದಲ ದಿನದ ನೀರು ಕಾಫಿ ಡಿಕಾಕ್ಷನ್ ಹಾಗಿತ್ತು. ಕೊನೆಗೆ ತಿಳಿ ಚಹಾದಷ್ಟಾಯಿತು. ಒಂದು ಬೆಳಿಗ್ಗೆ ನೋಡಿದರೆ ಬೇರು ತಾನಾಗಿ ತಳಕ್ಕೆ ಹೋಗಿ ಕೂತಿತ್ತು. ಆ ಖುಷಿ ಏನು ಹೇಳಲಿ!

ನಿಮ್ಮ ಬೊಡ್ಡೆಗೂ ಅಷ್ಟೇ ಬೇಕಾಗಿರುವುದು. ಅದು ಯಾವ ಮರ ಅಂತ ನೀವು ನೋಡಿದ ಕೂಡಲೇ ಹೇಳುತ್ತೀರಿ. ಕಾಸರಕ, ಚೇರು, ಕಣಗಿಲೆ ಮಾತ್ರ ಆಗಿರಬಾರದು. ಹಾಲು, ಅಂಟು ಬರುವಂಥದ್ದೂ ಬೇಡ. ಪೇರಲೆ ಆದರೆ ಬಹಳ ಒಳ್ಳೆಯದು. ತೊಗಟೆ ಪೂರ್ತಿ ಕೆರೆದು ತೆಗೆಯಿರಿ, ಕೊಳೆತ ಭಾಗವನ್ನು ಚಾಕುವಿನಿಂದ ಹೆರೆಯಿರಿ. ಹಳೆ ಮೊಳೆ ಏನಾದರೂ ಇದೆಯಾ ನೋಡಿ. ತೆಂಗಿನ ನಾರಿನಿಂದ ಬರೀ ನೀರಲ್ಲಿ ತಿಕ್ಕಿ. ಸೋಪು, ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ, ಮರ ಅದನ್ನು ಹೀರಿಕೊಂಡುಬಿಡುತ್ತದೆ.

ಕುದಿಸಲು ಬಚ್ಚಲ ಒಲೆಗಿಂತ ಒಳ್ಳೆಯ ಜಾಗ ಇಲ್ಲ. ಆದರೆ ತಾಮ್ರದ ಹಂಡೆ ಬೇಡ. ತಾಮ್ರದ ಅಂಶ ನೀರಿಗೆ ಸೇರಿದರೆ ಸಿಗಡಿ, ಬಸವನಹುಳ ಉಳಿಯುವುದಿಲ್ಲ, ಜಾಸ್ತಿಯಾದರೆ ಮೀನಿಗೂ ಕೆಟ್ಟದ್ದು. ದೊಡ್ಡ ಸ್ಟೀಲ್ ಪಾತ್ರೆ ಸಾಕು. ಬೊಡ್ಡೆ ಅದರಲ್ಲಿ ಹಿಡಿಯದಿದ್ದರೆ ಟಬ್ಬಿನಲ್ಲಿಟ್ಟು ಮೇಲೆ ಕುದಿನೀರು ಸುರಿಯಿರಿ, ಒಂದಷ್ಟು ಜಾಸ್ತಿ ದಿನ ನೆನೆಯಲಿ. ದಿನಗಟ್ಟಲೆ ಕುದಿಸುವುದೂ ಬೇಡ, ಮರದ ನಾರು ಸಡಿಲವಾಗುತ್ತದೆ. ಎಷ್ಟು ನೆನೆದರೂ ಮುಳುಗದಿದ್ದರೆ ತಳಕ್ಕೊಂದು ಕಲ್ಲು ಕೂರಿಸಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಅಂಗಳದಲ್ಲಿ ಉಳಿದ ಕಡಪ ಕಲ್ಲಿನ ತುಂಡು ಹಾಕಬೇಡಿ, ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ. ಗ್ರಾನೈಟ್ ತುಂಡು ಆಗುತ್ತದೆ.

ಇನ್ನೊಂದು ಮಾತು, ಇದನ್ನು ತಮ್ಮನಿಗೆ ಮರೆಯದೆ ಹೇಳಿ. ತೊಟ್ಟಿಗೆ ಇಳಿಸಿದ ಮೊದಲ ವಾರಗಳಲ್ಲಿ ಮರದ ಮೇಲೆ ಬೆಳ್ಳಗೆ ಲೋಳೆ ಕಟ್ಟುತ್ತದೆ. ನೋಡಲು ಅಸಹ್ಯ, ಆದರೆ ಅಪಾಯವಿಲ್ಲ. ನಮ್ಮ ಸಿಗಡಿಗಳು ಅದನ್ನು ತಿಂದು ಮುಗಿಸಿದವು. ಬೇಡ ಅನಿಸಿದರೆ ತೆಗೆದು ಬ್ರಶ್‌ನಿಂದ ಉಜ್ಜಿ ಮತ್ತೆ ಇಡಿ. ನೀರಿಗೆ ಸ್ವಲ್ಪ ಬಣ್ಣ ಬಂದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರಾಯಿತು.

ಮೊನ್ನೆ ಇಲ್ಲಿಯ ಅಂಗಡಿಯಲ್ಲಿ ಬಾದಾಮಿ ಮರದ ಒಣ ಎಲೆಯನ್ನು ಪ್ಯಾಕೆಟ್ ಮಾಡಿ ಮಾರುತ್ತಿದ್ದರು, ನಮ್ಮ ಶಾಲೆಯ ಅಂಗಳದಲ್ಲಿ ಕೆಂಪಗೆ ಉದುರುತ್ತಿತ್ತಲ್ಲ, ಅದೇ. ಮೀನಿನ ತೊಟ್ಟಿಗೆ ಹಾಕಿ ಟ್ಯಾನಿನ್ ಬರಿಸಲಿಕ್ಕೆ ಜನ ಅದನ್ನು ಡಾಲರ್ ಕೊಟ್ಟು ಒಯ್ಯುತ್ತಾರೆ. ಒಂದು ಎಲೆ ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟೆ. ಊರಿನ ನೆನಪು ಜಾಸ್ತಿಯಾಯಿತು.

ಈಗ ನನ್ನ ಬೇರಿನ ಮೇಲೆ ಅನುಬಿಯಾಸ್ ಗಿಡವನ್ನು ಹತ್ತಿದಾರದಲ್ಲಿ ಕಟ್ಟಿದ್ದೇನೆ, ಅದು ಮರವನ್ನೇ ಹಿಡಿದು ಬೆಳೆಯುತ್ತಿದೆ. ಬೇರಿನ ಕೆಳಗಿನ ಸಂದಿಯಲ್ಲಿ ಒಂದು ಪ್ಲೆಕೋ ಮೀನು ಮನೆ ಮಾಡಿಕೊಂಡಿದೆ. ಇಡೀ ದಿನ ಮರ ಕೆರೆಯುತ್ತಾ ಕೂತಿರುತ್ತದೆ. ಎಳ್ಳಮಾವಾಸ್ಯೆ ಜಾತ್ರೆಗೆ ಬಂದಾಗ ಫೋಟೋ ತೋರಿಸುತ್ತೇನೆ. ಅಷ್ಟರಲ್ಲಿ ಪುಟ್ಟಿಯ ಬೊಡ್ಡೆಯೂ ಮುಳುಗಿರುತ್ತದೆ. ನೆನೆಹಾಕಿದ ನೀರನ್ನು ದಿನಾ ಬದಲಿಸುವ ಕೆಲಸ ಅವಳಿಗೇ ಕೊಡಿ, ಬಣ್ಣ ಎಷ್ಟು ಇಳಿಯಿತು ಅಂತ ಪುಸ್ತಕದಲ್ಲಿ ಬರೆದಿಡಲಿ.

ಬೊಡ್ಡೆ ಇನ್ನೂ ಬಚ್ಚಲ ಹಿಂದೆಯೇ ಇದ್ದರೆ, ಅಮ್ಮ ಒಲೆಗೆ ಹಾಕುವ ಮೊದಲು ಇವತ್ತೇ ತೆಗೆದಿಡಿ ಅಪ್ಪಯ್ಯ.

ನಿಮ್ಮ ಪ್ರೀತಿಯ ಮಗಳು