ಮೆಟ್ಟಿಲ ಕೆಳಗೆ ಧೂಳು ತಿಂತಿರೋ ಸೈಕಲ್ ಹೊರಗೆ ತೆಗೀರಿ

ಸಂಪಾದಕರಿಗೆ ನಮಸ್ಕಾರ,

ನಾನು ಮೈಸೂರಿನ ಕುವೆಂಪುನಗರದವನು, ವಯಸ್ಸು ಐವತ್ತೆರಡು, ಹೊಟ್ಟೆ ನನಗಿಂತ ಸ್ವಲ್ಪ ಮುಂದೆ ನಡೆಯುತ್ತೆ. ಎಂಟು ತಿಂಗಳಿಂದ ಆಫೀಸಿಗೆ ಸೈಕಲ್ಲಲ್ಲೇ ಹೋಗ್ತಿದೀನಿ. ಮೊದಲನೇ ದಿನ ಗೇಟ್ ದಾಟೋಕ್ ಮುಂಚೆನೇ ವಾಚ್‌ಮನ್ "ಯಾಕ್ ಸಾ, ಗಾಡಿ ಮಾರ್ಬಿಟ್ರಾ?" ಅಂದ, ಸಂಜೆಯೊಳಗೆ ನನ್ನ ಭಾವಮೈದ ಫೋನ್ ಮಾಡಿ "ಶುಗರ್ ಎಷ್ಟ್ ಬಂತು ಭಾವ?" ಅಂತ ಮೆಲ್ಲಗೆ ಕೇಳಿದ. ಐವತ್ತು ದಾಟಿದವನು ಸೈಕಲ್ ಹತ್ತಿದ ಅಂದ್ರೆ ಒಂದೋ ಸಾಲ ಆಗಿರ್ಬೇಕು ಇಲ್ಲಾ ಡಾಕ್ಟ್ರು ಹೇಳಿರ್ಬೇಕು, ಖುಷಿಗೆ ತುಳೀತಿದೀನಿ ಅಂದ್ರೆ ಯಾರೂ ನಂಬಲ್ಲ. ಈ ಕಾಗದ ಬರೀತಿರೋದೇ ಅದಕ್ಕೆ.

ಸೈಕಲ್ ನನ್ನದೂ ಅಲ್ಲ, ಮಗನದು. ಒಂಬತ್ತನೇ ಕ್ಲಾಸಲ್ಲಿ ಹಟ ಮಾಡಿ ಕೊಡಿಸ್ಕೊಂಡ, ಪಿಯುಸಿಗೆ ಬರ್ತಿದ್ದ ಹಾಗೇ ಸ್ಕೂಟರ್ ಕಡೆ ಕಣ್ಣು ಹೋಯ್ತು, ಈಗ ಬೆಂಗಳೂರಲ್ಲಿ ಕೆಲಸ, ಸೈಕಲ್ ಮಾತ್ರ ಮೆಟ್ಟಿಲ ಕೆಳಗೆ ಹಳೇ ಪೇಪರ್ ಕಟ್ಟಿನ ಜೊತೆ ಬಿದ್ದಿತ್ತು. ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದೆ. ಅಂಗಡಿಯವನು ಟ್ಯೂಬ್ ಈಚೆ ಎಳೆದು, ಗಾಳಿ ತುಂಬಿ, ಕರೀ ನೀರಿನ ಟಬ್ಬಲ್ಲಿ ಸುತ್ತ ಮುಳುಗಿಸ್ತಾ ಬಂದ, ಒಂದ್ ಕಡೆ ಸಣ್ಣಗೆ ಗುಳುಗುಳು ಅಂತು. ಅಲ್ಲಿ ಬೆರಳಿಟ್ಟು ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಬಾಯಲ್ಲಿ ಊದಿ ಊದಿ ಒಣಗಿಸಿ ಪ್ಯಾಚ್ ಒತ್ತಿದ. "ಇದಕ್ಕೇನೂ ಆಗಿಲ್ಲ ಸಾ, ಸುಮ್ನೆ ನಿಂತೂ ನಿಂತೂ ಕೆಟ್ಟಿರೋದು" ಅಂದ. ಸೈಕಲ್ಲಿಗೆ ಹೇಳಿದ್ದೋ ನನಗೆ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ.

ನಮ್ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಆಸುಪಾಸು. ಬಲ್ಲಾಳ್ ಸರ್ಕಲ್ ದಾಟಿ ರಾಮಸ್ವಾಮಿ ಸರ್ಕಲ್ ಕಡೆ ಹೋಗೋ ಅದೇ ರಸ್ತೇಲಿ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದೀನಿ, ಆದ್ರೆ ದಾರಿ ನೋಡಿದ್ದು ಈಗಲೇ ಅನ್ನಿಸುತ್ತೆ. ಬೆಳಿಗ್ಗೆ ಕಾಫಿಪುಡಿ ಅಂಗಡಿ ಮುಂದೆ ಹೋಗ್ತಿದ್ರೆ ಹುರಿದ ಬೀಜದ ಘಮ ಅರ್ಧ ಬೀದಿ ತನಕ ಜೊತೇಲೇ ಬರುತ್ತೆ, ಕುಕ್ಕರಹಳ್ಳಿ ಕೆರೆ ಕಡೆಯಿಂದ ಹೆಜ್ಜಾರ್ಲೆ ಒಂದೊಂದ್ ಸಲ ತಲೆ ಮೇಲೇ ಹಾದು ಹೋಗುತ್ತೆ, ಹೂವಿನೋಳು ಕೈ ಎತ್ತಿ ಮಾತಾಡಿಸ್ತಾಳೆ, ಎಲ್ಲಕ್ಕಿಂತ ಮಜಾ ಅಂದ್ರೆ ಇಳಿಜಾರು ಸಿಕ್ಕಾಗ ಪೆಡ್ಲು ಬಿಟ್ಟು ಹಂಗೇ ಜಾರ್ಕೊಂಡು ಹೋಗೋದು. ಆಗ ನನ್ನ ವಯಸ್ಸು ಹನ್ನೆರಡು. ಗಂಟೆಗಿಷ್ಟು ಅಂತ ಬಾಡಿಗೆ ಸೈಕಲ್ ತಗೊಂಡು, ಸೀಟ್ ಎಟುಕದೆ ಒಳಪೆಡ್ಲು ಹೊಡೀತಾ ಮಂಡಿ ಕೆರೆಸ್ಕೊಂಡವರಿಗೆಲ್ಲ ನಾನ್ ಹೇಳ್ತಿರೋದು ಅರ್ಥ ಆಗುತ್ತೆ. ಮುನಿಸಿಪಾಲಿಟಿ ಲೈಸೆನ್ಸ್ ಬಿಲ್ಲೆ ಇಲ್ಲ, ಡೈನಮೋ ಲೈಟ್ ಉರೀತಿಲ್ಲ, ಡಬಲ್ಸ್ ಹೋಗ್ತಿದೀರಿ ಅಂತ ಪೊಲೀಸ್ನೋರು ಹಿಡಿದು ಚಕ್ರದ ಗಾಳಿ ಬಿಡ್ತಿದ್ದ ಕಾಲ ಅದು, ಸೈಕಲ್ಲಿಗೆ ಅಷ್ಟೊಂದು ಗೌರವ ಇತ್ತು!

ಇನ್ನು ಹೊಗೆ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತೆ, ಉರಿದ್ರೆ ಬರೋ ಕಾರ್ಬನ್ ಡೈ ಆಕ್ಸೈಡ್ ಸುಮಾರು 2.3 ಕೆಜಿ. ಇದೇನ್ ಮ್ಯಾಜಿಕ್ಕು ಅಂತ ನನಗೂ ಅನುಮಾನ ಇತ್ತು, ಪೆಟ್ರೋಲಲ್ಲಿರೋ ಕಾರ್ಬನ್ನು ಗಾಳೀಲಿರೋ ಆಮ್ಲಜನಕಾನ ಸೇರಿಸ್ಕೊಳ್ಳುತ್ತೆ, ತೂಕ ಹೆಚ್ಚೋದು ಅದಕ್ಕೆ. ನಾನು ದಿನಕ್ಕೆ 8 ಕಿಮೀ, ವರ್ಷಕ್ಕೆ 300 ದಿನ ಅಂದ್ರೆ 2,400 ಕಿಮೀ, ಸ್ಕೂಟರ್ 45 ಮೈಲೇಜ್ ಕೊಟ್ರೂ 53 ಲೀಟರ್, ಅಂದ್ರೆ 120 ಕೆಜಿಗಿಂತ ಜಾಸ್ತಿ ಹೊಗೆ. ಒಬ್ಬ ಗುಮಾಸ್ತ ಆಫೀಸಿಗೆ ಹೋಗಿ ಬರೋಕೆ! ಲೀಟರಿಗೆ ನೂರ್ ರೂಪಾಯಿ ಅಂದ್ರೂ ವರ್ಷಕ್ಕೆ ಐದು ಸಾವಿರದ ಮೇಲೆ ಉಳಿಯುತ್ತೆ, ಅದರಲ್ಲಿ ಒಂದಷ್ಟು ದಾರೀಲಿ ಸಿಗೋ ಮಸಾಲೆ ದೋಸೆಗೆ ಹೋಗುತ್ತೆ ಅನ್ನೋದನ್ನ ಮುಚ್ಚಿಡಲ್ಲ.

ಬೆವರು, ಮಳೆ, ಟ್ರಾಫಿಕ್ಕು ಅಂತ ಎಲ್ಲರೂ ಕೇಳ್ತಾರೆ. ಬೆವರಿಗೆ ಬ್ಯಾಗಲ್ಲಿ ಇನ್ನೊಂದು ಷರಟು, ಮಳೆಗೆ ರೈನ್‌ಕೋಟು, ಜೋರು ಮಳೆ ಬಂದ್ರೆ ಬಸ್ಸು, ನಾನೇನ್ ಶಪಥ ಮಾಡಿಲ್ಲ. ಟ್ರಾಫಿಕ್ ಮಾತ್ರ ನಿಜವಾದ ಭಯ, ಹಿಂದಿಂದ ಬಂದು ಕಿವೀಲಿ ಹಾರ್ನ್ ಊದೋರಿಗೆ ಸೈಕಲ್ಲಿನವನೂ ಮನುಷ್ಯ ಅಂತ ಕಾಣಲ್ಲ, ಹಾಗಾಗಿ ಆದಷ್ಟೂ ಒಳರಸ್ತೆ ಹಿಡೀತೀನಿ, ಹಿಂದೆ ಕೆಂಪು ಲೈಟ್ ಹಾಕ್ಸಿದೀನಿ. ಆಫೀಸ್ ತನಕ ಆಗಲ್ಲ ಅನ್ನೋರು ಹಾಲು, ಕೊತ್ತಂಬರಿ ಸೊಪ್ಪಿಗಾದ್ರೂ ಸೈಕಲ್ ತಗೊಳ್ಳಿ. ಎರಡು ಬೀದಿ ಆಚೆಗೆ ಕಾರು ತೆಗಿಯೋರನ್ನ ನೋಡಿದ್ರೆ ನನಗೆ ನಗುನೂ ಬರುತ್ತೆ, ಹೊಟ್ಟೇನೂ ಉರಿಯುತ್ತೆ. ಸ್ವಂತ ಸೈಕಲ್ ಇಲ್ಲ ಅಂದ್ರೆ ನಮ್ಮೂರಲ್ಲಿ 2017ರಲ್ಲೇ 450 ಸೈಕಲ್ ಇಟ್ಕೊಂಡು ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಶುರುವಾಯ್ತು, ಒಂದ್ ಕಡೆ ತಗೊಂಡು ಇನ್ನೊಂದ್ ಕಡೆ ಬಿಡೋ ಪದ್ಧತಿ. ಮೈಸೂರು ಬಹುಪಾಲು ಸಮತಟ್ಟು, ಬೆಟ್ಟ ಹತ್ತೋ ಹುಚ್ಚು ಇಲ್ಲದಿದ್ರೆ ಗೇರ್ ಕೂಡ ಬೇಕಾಗಲ್ಲ.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸ್ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ, ನಂಜನಗೂಡು ಕಡೆ ಹಳ್ಳೀಲಿರೋ ನನ್ನ ಅಕ್ಕನ ಮಗಳು ಅಂಥದ್ದೇ ಸೈಕಲ್ ಹತ್ತಿ ಹೈಸ್ಕೂಲ್ ಮುಗಿಸಿದವಳು. ಅವಳಿಗೆ ಅದು ಬಡತನದ ಗುರುತಾಗಿರಲಿಲ್ಲ, ಬೆಲ್ಲು ಹೊಡ್ಕೊಂಡು ಊರೆಲ್ಲ ಸುತ್ತೋಳು. ಸಿಟೀಲಿರೋ ನಮಗೆ ಮಾತ್ರ ಮರ್ಯಾದೆ ಪ್ರಶ್ನೆ.

ಆ ಮರ್ಯಾದೆ ಎಲ್ಲಿ ಹೋಗುತ್ತೆ ಅಂತಾನೂ ನನಗೆ ಗೊತ್ತು. ಹೋದ ತಿಂಗಳು ಒಂದು ದೊಡ್ಡ ಅಂಗಡಿಗೆ ಹೋದಾಗ ಸೆಕ್ಯೂರಿಟಿಯವನು ಕಾರಿಗೆ ಸಲಾಂ ಹೊಡೆದು, ಬೈಕಿಗೆ ಜಾಗ ತೋರಿಸಿ, ನನ್ನನ್ನ "ಸೈಕಲ್ ಇಲ್ಲೆಲ್ಲ ನಿಲ್ಸಂಗಿಲ್ಲ, ಆಕಡೆ ಹೋಗಿ" ಅಂತ ಕಸದ ತೊಟ್ಟಿ ಪಕ್ಕ ಕಳಿಸಿದ. ಪಾಪ, ಅವನೂ ಕೆಲಸಕ್ಕೆ ಬಂದಿರೋದು ಸೈಕಲ್ಲಲ್ಲೇ, ಅದೂ ಅಲ್ಲೇ ತೊಟ್ಟಿಗೆ ಒರಗಿಕೊಂಡಿತ್ತು. ಸೈಕಲ್ ಪಥ ಯಾವಾಗ ಆಗುತ್ತೋ ಆಗಲಿ, ಅದಕ್ಕೆ ಟೆಂಡರ್ರು ಮೀಟಿಂಗು ಎಲ್ಲ ಬೇಕು. ಪಾಲಿಕೆಯೋರೇ, ಅಲ್ಲೀ ತನಕ ಮಾರ್ಕೆಟ್ಟು, ಬ್ಯಾಂಕು, ಕಚೇರಿ, ಆಸ್ಪತ್ರೆ ಮುಂದೆ ನೆರಳಿರೋ ಕಡೆ ಒಂದೊಂದು ಕಬ್ಬಿಣದ ಪೈಪು ಬಗ್ಗಿಸಿ ನೆಲಕ್ಕೆ ಹೂತುಕೊಡಿ ಸಾಕು, ಚೈನು ಬೀಗ ನಾವೇ ತರ್ತೀವಿ.

ಇಂತಿ,
ಒಬ್ಬ ಓದುಗ, ಕುವೆಂಪುನಗರ, ಮೈಸೂರು